ಪಿತ್ತಕ್ಕೆ ಇಳಿಯದ ತಾಮ್ರ ನೆತ್ತಿಗೇರಿದಾಗ

'ಪಿತ್ತ ನೆತ್ತಿಗೇರಿದೆ' ಎಂಬುದು ಕನ್ನಡದ ಹಳೆಯ ಮಾತು. ಕಾರಣವಿಲ್ಲದೆ ಸಿಟ್ಟಾಗುವವರನ್ನು, ಹಿಂದುಮುಂದು ನೋಡದೆ ಕೂಗಾಡುವವರನ್ನು ಕಂಡಾಗ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಇದನ್ನು ಯಾರೂ ಅಕ್ಷರಶಃ ನಂಬುವುದಿಲ್ಲ. ಆದರೆ ಈ ಮಾತು ಹೆಚ್ಚುಕಡಿಮೆ ನಿಜವೇ ಆಗಿಬಿಡುವ ಒಂದು ಕಾಯಿಲೆ ಇದೆ. ಪಿತ್ತರಸದ ಜೊತೆಗೆ ದೇಹದಿಂದ ಹೊರಹೋಗಬೇಕಾದ ತಾಮ್ರ ಹೊರಹೋಗದೆ ಪಿತ್ತಜನಕಾಂಗದಲ್ಲೇ ಉಳಿಯುತ್ತದೆ. ಅಲ್ಲಿ ತುಂಬಿ, ರಕ್ತಕ್ಕೆ ಸೇರಿ, ಕೊನೆಗೆ ಮೆದುಳನ್ನು ಹೊಕ್ಕು ಕೂರುತ್ತದೆ. ವೈದ್ಯರು ಇದಕ್ಕೆ ವಿಲ್ಸನ್ ಕಾಯಿಲೆ ಎನ್ನುತ್ತಾರೆ.

ಇದು ವಂಶವಾಹಿಯಿಂದ ಬರುವ, ಅಪರೂಪದ ಕಾಯಿಲೆ. ಸಾಮಾನ್ಯವಾಗಿ ಹೇಳುವ ಲೆಕ್ಕ 30 ಸಾವಿರ ಜನರಲ್ಲಿ ಒಬ್ಬರು ಎಂದು. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಜನಸಂಖ್ಯೆ 11.77 ಲಕ್ಷ. ಈ ಲೆಕ್ಕ ಹಿಡಿದರೆ ಕಾರ್ಕಳ, ಕಾಪು, ಕುಂದಾಪುರ ಎಲ್ಲ ಸೇರಿ ಜಿಲ್ಲೆಯಲ್ಲಿ ಸುಮಾರು 40 ಮಂದಿಗೆ ಈ ಕಾಯಿಲೆ ಇರಬೇಕಾಗುತ್ತದೆ. 40 ದೊಡ್ಡ ಸಂಖ್ಯೆಯಲ್ಲ. ಆದರೂ ಇದನ್ನು ಎಲ್ಲರೂ ತಿಳಿದಿರಬೇಕಾದುದಕ್ಕೆ ಎರಡು ಕಾರಣಗಳಿವೆ. ವಂಶದಿಂದ ಬರುವ ನರರೋಗಗಳಲ್ಲಿ ಔಷಧಕ್ಕೆ ಬಗ್ಗುವಂಥವು ಬೆರಳೆಣಿಕೆಯಷ್ಟು. ಇದು ಅವುಗಳಲ್ಲಿ ಒಂದು. ಎರಡನೆಯದಾಗಿ, ಇದು ಎಷ್ಟೋ ಸಲ ದೇಹದ ಕಾಯಿಲೆಯಂತೆ ಕಾಣಿಸಿಕೊಳ್ಳದೆ ಮನಸ್ಸಿನ ಕಾಯಿಲೆಯಂತೆ, ಇಲ್ಲವೇ ಕೇವಲ ನಡತೆಗೇಡಿನಂತೆ ಕಾಣುತ್ತದೆ. ಅಷ್ಟರಲ್ಲಿ ಔಷಧ ಕೊಡಬೇಕಾದ ಕಾಲ ಕೈತಪ್ಪಿ ಹೋಗುತ್ತದೆ.

ಕೆಡುವುದು ಅಕ್ಷರ, ಕೆಡುವುದು ಸ್ವಭಾವ

ಕಾಯಿಲೆಯ ಆರಂಭ ಹೆಚ್ಚಾಗಿ ಹತ್ತರಿಂದ ಇಪ್ಪತ್ತೈದು ವರ್ಷದೊಳಗೆ. ಅಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಕಾಲೇಜು, ಮೊದಲ ನೌಕರಿಯ ಕಾಲ. ಅಷ್ಟು ದಿನ ಚೆನ್ನಾಗಿ ಓದುತ್ತಿದ್ದ ಹುಡುಗನಿಗೆ ಅಂಕ ಕಡಿಮೆಯಾಗುತ್ತದೆ. ದುಂಡಾಗಿದ್ದ ಅಕ್ಷರ ಚಿಕ್ಕದಾಗುತ್ತದೆ, ಇಲ್ಲವೇ ಅಂಕುಡೊಂಕಾಗುತ್ತದೆ. ಮಾತು ತೊದಲುತ್ತದೆ. ಸಣ್ಣ ಮಾತಿಗೂ ರೇಗುತ್ತಾನೆ. ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಕೆಲವರು ಮೂಲೆ ಹಿಡಿದು ಕೂರುತ್ತಾರೆ, ಸ್ನಾನ ಊಟ ಬೇಡವೆನ್ನುತ್ತಾರೆ. ಇನ್ನು ಕೆಲವರು ನಗಬಾರದ ಕಡೆ ನಗುತ್ತಾರೆ, ಅಳು ತಡೆಯಲಾರದೆ ಅಳುತ್ತಾರೆ. ನಾಚಿಕೆ ಸಂಕೋಚ ಬಿಟ್ಟು ವರ್ತಿಸುವವರೂ ಉಂಟು.

ಈ ವಯಸ್ಸಿನಲ್ಲಿ ಇಂಥ ಬದಲಾವಣೆಗೆ ಕಾರಣ ಹುಡುಕಲು ಮನೆಯವರು ದೂರ ಹೋಗಬೇಕಾಗಿಲ್ಲ. ಕೆಟ್ಟ ಸಹವಾಸ, ಪರೀಕ್ಷೆಯ ಹೆದರಿಕೆ, ಪ್ರೇಮ, ಅಮಲು ಇವುಗಳಲ್ಲಿ ಒಂದು ಎಂದು ತೀರ್ಮಾನಿಸಿ ಬುದ್ಧಿ ಹೇಳುತ್ತಾರೆ, ಗದರುತ್ತಾರೆ. ಅದರಿಂದ ಪ್ರಯೋಜನವಾಗದಿದ್ದಾಗ ದೈವದ ಮುಂದೆ ನಿಂತು ಅರಿಕೆ ಮಾಡಿಕೊಳ್ಳುವುದು, ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸುವುದು ಕರಾವಳಿಯಲ್ಲಿ ಇಂದಿಗೂ ಇರುವ ರೂಢಿ. ಹೀಗೆ ಹರಕೆ ಹೇಳಿಕೊಂಡವರೇ ಆಸ್ಪತ್ರೆಗೂ ಹೋಗುತ್ತಾರೆ. ಆದರೆ ಅಲ್ಲಿಯೂ ಮೊದಲು ತಟ್ಟುವುದು ಮನೋವೈದ್ಯರ ಬಾಗಿಲನ್ನು ಎಂಬುದು ಈ ಕಾಯಿಲೆಯ ತೊಡಕು. 1989ರಲ್ಲಿ ಬ್ರಿಟನ್ನಿನ ಇಬ್ಬರು ಮನೋವೈದ್ಯರು 195 ವಿಲ್ಸನ್ ರೋಗಿಗಳ ದಾಖಲೆಗಳನ್ನು ತೆಗೆದು ನೋಡಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾನಸಿಕ ಲಕ್ಷಣಗಳಿದ್ದವು. ಐದರಲ್ಲಿ ಒಬ್ಬರು ವಿಲ್ಸನ್ ಕಾಯಿಲೆ ಎಂದು ಗೊತ್ತಾಗುವ ಮೊದಲೇ ಮನೋವೈದ್ಯರನ್ನು ಕಂಡುಬಂದಿದ್ದರು.

ಲಂಡನ್ನಿನ ಆ ಪ್ರಬಂಧ

ಕಾಯಿಲೆಗೆ ತನ್ನ ಹೆಸರು ಕೊಟ್ಟ ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನ್ನಿಯರ್ ವಿಲ್ಸನ್ ಲಂಡನ್ನಿನ ನರರೋಗ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ. 1912ರಲ್ಲಿ, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, 'ಬ್ರೈನ್' ಎಂಬ ಪತ್ರಿಕೆಯಲ್ಲಿ ಇನ್ನೂರಕ್ಕೂ ಹೆಚ್ಚು ಪುಟಗಳ ಪ್ರಬಂಧವೊಂದನ್ನು ಪ್ರಕಟಿಸಿದ. ಅದರಲ್ಲಿ 12 ರೋಗಿಗಳ ವಿವರಗಳಿದ್ದವು. ಎಲ್ಲರೂ ಎಳೆಯರು. ಕೈಕಾಲು ನಡುಗುವುದು, ಸೆಟೆದುಕೊಳ್ಳುವುದು, ಮಾತು ನಿಲ್ಲುವುದು ಅವರ ಲಕ್ಷಣ. ಸತ್ತ ಮೇಲೆ ಪರೀಕ್ಷಿಸಿದಾಗ ಮೆದುಳಿನ ಆಳದ ಒಂದು ಭಾಗ ಹಾಳಾಗಿತ್ತು, ಜೊತೆಗೆ ಪಿತ್ತಜನಕಾಂಗ ಗಂಟುಗಟ್ಟಿತ್ತು. ಈ ಎರಡು ಅಂಗಗಳಿಗೆ ಏನು ಸಂಬಂಧ ಎಂಬುದು ಆತನಿಗೆ ಬಿಡಿಸಲಾಗದ ಒಗಟಾಗಿತ್ತು. 12 ಮಂದಿಯಲ್ಲಿ 8 ಜನರ ಮನಸ್ಸಿನಲ್ಲೂ ಏರುಪೇರಾಗಿದ್ದುದನ್ನು ವಿಲ್ಸನ್ ಅಂದೇ ಗುರುತಿಸಿದ್ದ ಎಂಬುದು ಗಮನಾರ್ಹ.

ಕಾಯಿಲೆ ಒಂದೇ ಮನೆಯ ಹಲವರಲ್ಲಿ ಬರುತ್ತದೆ ಎಂಬುದನ್ನು ಆತ ಕಂಡಿದ್ದ. ಆದರೆ ತಂದೆ ತಾಯಿ ಆರೋಗ್ಯವಾಗಿದ್ದುದರಿಂದ ಇದು ವಂಶಪಾರಂಪರ್ಯವಾಗಿ ಬರುವಂಥದ್ದಲ್ಲ ಎಂದು ಬಗೆದ. ಅಲ್ಲಿ ಅವನ ಊಹೆ ತಪ್ಪಿತ್ತು. ತಾಮ್ರದ ಪಾತ್ರ ಖಚಿತವಾಗಿ ತಿಳಿದುಬರಲು 1948ರವರೆಗೆ ಕಾಯಬೇಕಾಯಿತು. ಜೆ.ಎನ್. ಕಮಿಂಗ್ಸ್ ಎಂಬಾತ ಸತ್ತ ರೋಗಿಗಳ ಮೆದುಳು ಮತ್ತು ಪಿತ್ತಜನಕಾಂಗ ಎರಡರಲ್ಲೂ ಮಿತಿಮೀರಿದ ತಾಮ್ರವನ್ನು ತೋರಿಸಿಕೊಟ್ಟ. ಇದಕ್ಕೆ ಕಾರಣವಾದ ವಂಶವಾಹಿ ಪತ್ತೆಯಾದದ್ದು 1993ರಲ್ಲಿ. 13ನೆಯ ವರ್ಣತಂತುವಿನಲ್ಲಿರುವ ಅದರ ಹೆಸರು ಎಟಿಪಿ7ಬಿ.

ತಾಮ್ರದ ದಾರಿ

ತಾಮ್ರ ವಿಷವಲ್ಲ. ರಕ್ತ, ನರ, ಎಲುಬು ಎಲ್ಲಕ್ಕೂ ಅದು ಬೇಕು. ದಿನಕ್ಕೆ ಒಂದು ಮಿಲಿಗ್ರಾಂನಷ್ಟು ಸಾಕು. ಅನ್ನ, ಬೇಳೆ, ಕಾಯಿಪಲ್ಲೆಯಿಂದ ಬರುವ ತಾಮ್ರ ಇದಕ್ಕಿಂತ ಹೆಚ್ಚೇ ಇರುತ್ತದೆ. ಹೆಚ್ಚಾದುದನ್ನು ಪಿತ್ತಜನಕಾಂಗ ಪಿತ್ತರಸಕ್ಕೆ ಸೇರಿಸಿ ಮಲದ ಮೂಲಕ ಹೊರಗೆ ಕಳುಹಿಸುತ್ತದೆ. ಈ ಕೆಲಸಕ್ಕೆ ಒಂದು ಪ್ರೊಟೀನು ಬೇಕು. ಆ ಪ್ರೊಟೀನನ್ನು ಮಾಡುವ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ತಾಮ್ರ ಹೊರಹೋಗುವ ಬಾಗಿಲು ಮುಚ್ಚಿದಂತೆಯೇ ಸರಿ. ಹುಟ್ಟಿದಂದಿನಿಂದ ದಿನದಿನಕ್ಕೆ ಕೂಡುತ್ತಾ ಹೋಗುವ ತಾಮ್ರ ಕೆಲವರಲ್ಲಿ ಕಾಮಾಲೆಯಾಗಿ, ಜಲೋದರವಾಗಿ ಮೊದಲು ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಪಿತ್ತಜನಕಾಂಗ ಸದ್ದಿಲ್ಲದೆ ಸಹಿಸಿಕೊಂಡು, ಮೆದುಳೇ ಮೊದಲು ಸೋಲುತ್ತದೆ.

ಮೆದುಳಿನಲ್ಲಿ ತಾಮ್ರ ಹೆಚ್ಚು ಹಾನಿ ಮಾಡುವುದು ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪಿಗೆ. ಇದು ಕೈಕಾಲಿನ ಚಲನೆಯನ್ನು ಹದವಾಗಿಡುವ ಭಾಗ ಎಂದು ಹಿಂದೆ ತಿಳಿಯಲಾಗಿತ್ತು. ಅಷ್ಟೇ ಅಲ್ಲ ಎಂಬುದು ಈಗ ಸ್ಪಷ್ಟವಾಗಿದೆ. ಹಣೆಯ ಹಿಂದಿನ ಮೆದುಳಿನೊಂದಿಗೆ ಇದಕ್ಕೆ ನೇರ ಸಂಪರ್ಕವಿದೆ. ಒಂದು ಕೆಲಸವನ್ನು ಆರಂಭಿಸುವುದು, ಬೇಡವಾದಾಗ ನಿಲ್ಲಿಸುವುದು, ಬಾಯಿಗೆ ಬಂದ ಮಾತನ್ನು ತಡೆಯುವುದು, ಸಿಟ್ಟನ್ನು ನುಂಗುವುದು ಇವೆಲ್ಲ ಆ ಸಂಪರ್ಕವನ್ನು ಅವಲಂಬಿಸಿವೆ. ಹೀಗಾಗಿ ಕೈ ನಡುಗುವುದೂ ಕೋಪ ತಡೆಯಲಾಗದಿರುವುದೂ ಒಂದೇ ಬೇರಿನ ಎರಡು ಕೊಂಬೆಗಳು. ಮೊದಲನೆಯದನ್ನು ಕಾಯಿಲೆ ಎಂದು ಒಪ್ಪುವ ಮನೆಯವರು ಎರಡನೆಯದನ್ನು ಹಠ ಎನ್ನುತ್ತಾರೆ.

ಬುದ್ಧಿ ಹೋಗುವುದಿಲ್ಲ, ನಿಧಾನವಾಗುತ್ತದೆ

ವಿಲ್ಸನ್ ಕಾಯಿಲೆ ಮೆದುಳಿಗೆ ತಟ್ಟಿದವರಲ್ಲಿ ಆಲೋಚನೆ ನಿಧಾನವಾಗುತ್ತದೆ. ಗಮನ ಬೇಗ ಚದುರುತ್ತದೆ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡಲು, ಮುಂದಿನದನ್ನು ಯೋಚಿಸಿ ಹೊಂದಿಸಲು ಕಷ್ಟವಾಗುತ್ತದೆ. ಲೆಕ್ಕದ ಹಂತಗಳು ತಪ್ಪುತ್ತವೆ. ಆದರೆ ಭಾಷೆ, ತಿಳಿವಳಿಕೆ, ಮೊದಲು ಕಲಿತದ್ದು ಬಹುಮಟ್ಟಿಗೆ ಉಳಿದಿರುತ್ತವೆ.

ನೋಡುವವರಿಗೆ ಕಾಣುವುದು ಬೇರೆ. ಮುಖದ ಸ್ನಾಯುಗಳು ಸೆಟೆದು ಬಾಯಿ ಸ್ವಲ್ಪ ತೆರೆದೇ ಇರುತ್ತದೆ. ಅರ್ಥವಿಲ್ಲದ ನಗೆಯೊಂದು ತುಟಿಯಲ್ಲಿ ನಿಂತಂತಿರುತ್ತದೆ. ಜೊಲ್ಲು ಸುರಿಯುತ್ತದೆ. ಪ್ರಶ್ನೆ ಕೇಳಿದರೆ ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಬಂದರೂ ತೊದಲಿನಿಂದಾಗಿ ತಿಳಿಯುವುದಿಲ್ಲ. ಇಷ್ಟು ಸಾಕು, ಬುದ್ಧಿಮಾಂದ್ಯ ಎಂಬ ಹಣೆಪಟ್ಟಿ ಅಂಟಿಬಿಡುತ್ತದೆ. ತನ್ನ ಬಗ್ಗೆ ಪಕ್ಕದಲ್ಲೇ ನಿಂತು ಆಡುವ ಮಾತುಗಳೆಲ್ಲ ಆತನಿಗೆ ತಿಳಿಯುತ್ತಿರುತ್ತವೆ ಎಂಬುದನ್ನು ಬಂಧುಗಳು ಮರೆಯುತ್ತಾರೆ.

ಮನಸ್ಸಿನ ಲಕ್ಷಣಗಳಲ್ಲಿ ಹೆಚ್ಚಾಗಿ ಕಾಣುವುದು ಖಿನ್ನತೆ, ಸಿಡುಕು ಮತ್ತು ಸ್ವಭಾವದ ಬದಲಾವಣೆ. ಉನ್ಮಾದ ಅದಕ್ಕಿಂತ ಕಡಿಮೆ. ಇಲ್ಲದ ದನಿ ಕೇಳುವುದು, ಸುಳ್ಳು ಸಂಶಯ ಬೇರೂರುವುದು ಇನ್ನೂ ಕಡಿಮೆ. ಖಿನ್ನತೆ ತೀವ್ರವಾದಾಗ ಜೀವ ಕಳೆದುಕೊಳ್ಳುವ ಯೋಚನೆಯೂ ಬರುವುದುಂಟು. ಆದ್ದರಿಂದ ಇದನ್ನು 'ಕಾಯಿಲೆಯ ಬೇಸರ' ಎಂದು ತಳ್ಳಿಹಾಕುವಂತಿಲ್ಲ.

ಬೆಂಗಳೂರಿನ ದಾಖಲೆ

ಈ ಕಾಯಿಲೆಯನ್ನು ಅರಿಯುವುದರಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ನರರೋಗ ತಜ್ಞರೂ ಮನೋವೈದ್ಯರೂ ಒಂದೇ ಆವರಣದಲ್ಲಿ ಕೆಲಸ ಮಾಡುವ ಈ ವ್ಯವಸ್ಥೆ ವಿಲ್ಸನ್ ಕಾಯಿಲೆಗೆ ಹೇಳಿ ಮಾಡಿಸಿದಂತಿದೆ. ಅಲ್ಲಿನ ಡಾ. ಎ.ಬಿ. ತಾಲಿ ಮತ್ತು ಸಹೋದ್ಯೋಗಿಗಳು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದರು. ಒಂದೇ ಕೇಂದ್ರದಿಂದ ಬಂದ ಇಷ್ಟು ದೊಡ್ಡ ವರದಿಗಳು ಜಗತ್ತಿನಲ್ಲೇ ಕಡಿಮೆ.

ಅದರಂತೆ ಕಾಯಿಲೆ ಕಾಣಿಸಿಕೊಂಡ ಸರಾಸರಿ ವಯಸ್ಸು ಹದಿನಾರರ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಮಂದಿಯ ತಂದೆ ತಾಯಿ ರಕ್ತಸಂಬಂಧದಲ್ಲಿ ಮದುವೆಯಾದವರು. ಅರ್ಧಕ್ಕೆ ಸಮೀಪದಷ್ಟು ಜನರ ಮನೆಯಲ್ಲಿ ಇನ್ನೊಬ್ಬರಿಗೂ ಕಾಯಿಲೆ ಇತ್ತು. ರೋಗಿಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಬಹಳ ಹೆಚ್ಚು. 13ನೆಯ ವರ್ಣತಂತುವಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಹಾಗಿದ್ದ ಮೇಲೆ ಬೆಂಗಳೂರಿನವರೆಗೆ ಕರೆದುಕೊಂಡು ಹೋಗಲು ಮನೆಯವರು ಯಾರನ್ನು ಆರಿಸುತ್ತಾರೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

2008ರಲ್ಲಿ ಅದೇ ಸಂಸ್ಥೆಯ ವೈದ್ಯರು 350 ರೋಗಿಗಳ ಪೈಕಿ, ಮಾನಸಿಕ ಲಕ್ಷಣಗಳೇ ಪ್ರಧಾನವಾಗಿದ್ದ 15 ಮಂದಿಯ ಬಗ್ಗೆ ಬರೆದರು. ಹೆಚ್ಚಿನವರಲ್ಲಿ ಕಂಡದ್ದು ಖಿನ್ನತೆ, ಉನ್ಮಾದದಂಥ ಭಾವನೆಯ ಏರುಪೇರು. ಅವರು ಎತ್ತಿ ಹೇಳಿದ ಸುಳಿವುಗಳು ಎಲ್ಲ ವೈದ್ಯರಿಗೂ ಉಪಯುಕ್ತ: ಎಳೆಯ ವಯಸ್ಸಿನ ಮನೋರೋಗಿಗೆ ಹಿಂದೆ ಕಾಮಾಲೆ ಆಗಿದ್ದರೆ, ಮನೆಯಲ್ಲಿ ಇಂಥ ಕಾಯಿಲೆ ಇದ್ದರೆ, ಮನೋರೋಗದ ಗುಳಿಗೆ ಕೊಟ್ಟೊಡನೆ ಕೈಕಾಲು ಅತಿಯಾಗಿ ಸೆಟೆದುಕೊಂಡರೆ ತಾಮ್ರವನ್ನು ನೆನೆಯಬೇಕು. ಹ್ಯಾಲೊಪೆರಿಡಾಲ್‌ನಂಥ ಔಷಧಗಳು ಕೆಲಸ ಮಾಡುವುದು ತಾಮ್ರದಿಂದ ಈಗಾಗಲೇ ಜರ್ಜರಿತವಾದ ಬೇಸಲ್ ಗ್ಯಾಂಗ್ಲಿಯಾದ ಮೇಲೆಯೇ. ಹಾಗೆಂದು ಯಾರೂ ತಾವಾಗಿ ಗುಳಿಗೆ ನಿಲ್ಲಿಸಬಾರದು. ವೈದ್ಯರಿಗೆ ತಿಳಿಸಬೇಕು.

ಗೋತ್ರ, ಬರಿ ಮತ್ತು ವಂಶವಾಹಿ

ವಿಲ್ಸನ್ ಕಾಯಿಲೆ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬರಬೇಕು. ಒಂದು ಮಾತ್ರ ಇದ್ದವರು ವಾಹಕರು. ಅವರಿಗೆ ಜೀವನಪೂರ್ತಿ ಯಾವ ತೊಂದರೆಯೂ ಇಲ್ಲ. ಜನಸಾಮಾನ್ಯರಲ್ಲಿ ಸುಮಾರು 90ರಲ್ಲಿ ಒಬ್ಬರು ವಾಹಕರು ಎಂದು ಲೆಕ್ಕ. ಆ ಪ್ರಕಾರ ಉಡುಪಿ ಜಿಲ್ಲೆಯಲ್ಲಿ ಅಂಥವರು ಸುಮಾರು 13 ಸಾವಿರ.

ಮದುವೆಯ ಸಂಬಂಧ ನೋಡುವಾಗ ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಗೋತ್ರ ಎಣಿಸುವವರು ತಂದೆಯ ಕಡೆಯಿಂದ ಎಣಿಸುತ್ತಾರೆ. ಅಕ್ಕನ ಮಗಳ ಗೋತ್ರ ಬೇರೆಯಾದ್ದರಿಂದ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಸೋದರಮಾವ ಆಕೆಯನ್ನು ಮದುವೆಯಾಗುವುದು ರೂಢಿಯಲ್ಲಿತ್ತು. ತುಳುನಾಡಿನ ಅಳಿಯಸಂತಾನದವರು ಬರಿಯನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ. ಅಲ್ಲಿ ಮಾವ ಮತ್ತು ಅಕ್ಕನ ಮಗಳದ್ದು ಒಂದೇ ಬರಿ; ಹಾಗಾಗಿ ಆ ಮದುವೆ ನಿಷಿದ್ಧ. ಆದರೆ ಸೋದರಮಾವನ ಮಗಳ ಬರಿ ಆಕೆಯ ತಾಯಿಯದ್ದು, ಅದು ಬೇರೆ. ಹಾಗಾಗಿ ಆ ಸಂಬಂಧಕ್ಕೆ ಅಡ್ಡಿಯಿಲ್ಲ. ಒಂದು ನಿಯಮ ತಂದೆಯನ್ನು ಮಾತ್ರ ನೋಡುತ್ತದೆ, ಇನ್ನೊಂದು ತಾಯಿಯನ್ನು ಮಾತ್ರ. ವಂಶವಾಹಿ ಇಬ್ಬರಿಂದಲೂ ಬರುತ್ತದೆ.

ಗಂಡು ವಾಹಕನಾಗಿದ್ದಾನೆ ಎಂದುಕೊಳ್ಳೋಣ. ಸಂಬಂಧವೇ ಇಲ್ಲದ ಹೆಣ್ಣು ವಾಹಕಿಯಾಗಿರುವ ಸಾಧ್ಯತೆ 90ರಲ್ಲಿ 1. ಸೋದರಮಾವನ ಅಥವಾ ಸೋದರತ್ತೆಯ ಮಗಳಾದರೆ 8ರಲ್ಲಿ 1. ಅಕ್ಕನ ಮಗಳಾದರೆ 4ರಲ್ಲಿ 1. ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಯೊಂದರಲ್ಲಿ ಇಬ್ಬರು ಮೂವರು ಮಕ್ಕಳು ಒಬ್ಬರ ನಂತರ ಒಬ್ಬರು ಹಾಸಿಗೆ ಹಿಡಿದಾಗ ಅದು ಕುಟುಂಬದ ಮೇಲಿನ ಶಾಪದಂತೆ ಕಾಣುವುದು ಸಹಜ. ಅದು ಈ ನಾಲ್ಕರ ಲೆಕ್ಕ. ಇದರಲ್ಲಿ ತಾಯಿಯ ದೋಷವೂ ಇಲ್ಲ, ತಂದೆಯ ದೋಷವೂ ಇಲ್ಲ.

ಕಣ್ಣು ಕೊಡುವ ಸಾಕ್ಷಿ

ಮನಸ್ಸು ಕೆಟ್ಟದ್ದಕ್ಕೆ ಕಣ್ಣಿನಲ್ಲಿ ಸಾಕ್ಷಿ ಸಿಗುವ ಕಾಯಿಲೆಗಳು ಅಪರೂಪ. ಇಲ್ಲಿ ಸಿಗುತ್ತದೆ. ತಾಮ್ರ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲೂ ಕೂಡಿ ಹಸಿರು ಕಂದು ಬಣ್ಣದ ಉಂಗುರವಾಗುತ್ತದೆ. 1902 ಮತ್ತು 1903ರಲ್ಲಿ ಇದನ್ನು ಕಂಡ ಜರ್ಮನಿಯ ಇಬ್ಬರು ಕಣ್ಣಿನ ವೈದ್ಯರ ಹೆಸರಿನಲ್ಲಿ ಇದಕ್ಕೆ ಕೈಸರ್-ಫ್ಲೈಷರ್ ಉಂಗುರ ಎನ್ನುತ್ತಾರೆ. ದೃಷ್ಟಿಗೆ ಇದರಿಂದ ತೊಂದರೆಯಿಲ್ಲ. ನಮ್ಮವರ ಕಂದು ಕಣ್ಣಿನಲ್ಲಿ ಬರಿಗಣ್ಣಿಗೆ ಇದು ಸುಲಭವಾಗಿ ಕಾಣುವುದಿಲ್ಲ. ಕಣ್ಣಿನ ವೈದ್ಯರ ಬಳಿ ಇರುವ ಸ್ಲಿಟ್ ಲ್ಯಾಂಪ್ ಉಪಕರಣದಲ್ಲಿ ನೋಡಬೇಕು. ಅದಕ್ಕೆ ಹಿಡಿಯುವುದು ಕೆಲವು ನಿಮಿಷ. ಸೂಜಿ ಚುಚ್ಚಬೇಕಾಗಿಲ್ಲ. ನಿಮ್ಹಾನ್ಸ್‌ನ 2007ರ ವರದಿಯಲ್ಲಿ ನರಗಳಿಗೆ ಕಾಯಿಲೆ ತಟ್ಟಿದ ಎಲ್ಲರಲ್ಲೂ ಈ ಉಂಗುರವಿತ್ತು. ಪಿತ್ತಜನಕಾಂಗಕ್ಕೆ ಮಾತ್ರ ತಟ್ಟಿದವರಲ್ಲಿ, ಇನ್ನೂ ಲಕ್ಷಣ ಕಾಣದವರಲ್ಲಿ ಇಲ್ಲದೆಯೂ ಇರಬಹುದು.

ಜೊತೆಗೆ ರಕ್ತದಲ್ಲಿ ಸೆರುಲೊಪ್ಲಾಸ್ಮಿನ್ ಎಂಬ ಪ್ರೊಟೀನಿನ ಪ್ರಮಾಣ, 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಿನ ತಾಮ್ರ, ಮೆದುಳಿನ ಎಂಆರ್‌ಐ ಪರೀಕ್ಷೆ ಬೇಕಾಗುತ್ತದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಿಂದಾಗಿ ಈ ಜಿಲ್ಲೆಯವರಿಗೆ ತಜ್ಞ ವೈದ್ಯರು ದೂರವಿಲ್ಲ. ಆದಿ ಉಡುಪಿಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕೊರತೆಯಿರುವುದು ಪರೀಕ್ಷೆಗಲ್ಲ, ಪರೀಕ್ಷೆ ಮಾಡಿಸಬೇಕೆಂಬ ಸಂಶಯಕ್ಕೆ.

ಗುಳಿಗೆ, ಊಟ ಮತ್ತು ಕಾವಲು

ಮೊದಲ ಮದ್ದು ಬಂದದ್ದು ಯುದ್ಧದ ಉಗ್ರಾಣದಿಂದ. ಆರ್ಸೆನಿಕ್ ವಿಷಾನಿಲಕ್ಕೆ ಪ್ರತಿಯಾಗಿ ಬ್ರಿಟನ್ನಿನಲ್ಲಿ ತಯಾರಾಗಿದ್ದ ಔಷಧವನ್ನು 1951ರ ಹೊತ್ತಿಗೆ ವಿಲ್ಸನ್ ರೋಗಿಗಳಿಗೆ ಕೊಡಲಾಯಿತು. ಅದು ನೋವಿನ ಇಂಜೆಕ್ಷನ್. 1956ರಲ್ಲಿ ಜಾನ್ ವಾಲ್ಶ್ ಎಂಬ ವೈದ್ಯ ಪೆನಿಸಿಲಿನ್‌ನಿಂದ ದೊರೆಯುವ ಪೆನಿಸಿಲಮೈನ್ ಗುಳಿಗೆ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತದೆ ಎಂದು ತೋರಿಸಿದ. ಅಂದಿನಿಂದ ಈ ಕಾಯಿಲೆ ಮರಣಶಾಸನವಾಗಿ ಉಳಿಯಲಿಲ್ಲ. ನಂತರ ಟ್ರೈಯೆಂಟಿನ್ ಬಂತು. ಕರುಳಿನಲ್ಲೇ ತಾಮ್ರವನ್ನು ತಡೆಯುವ ಸತುವಿನ ಲವಣವೂ ಬಳಕೆಗೆ ಬಂತು. ಸ್ಥಿತಿ ಸುಧಾರಿಸಿದ ರೋಗಿಗಳಲ್ಲಿ ಪೆನಿಸಿಲಮೈನ್ ನಿಲ್ಲಿಸಿ, ಅಗ್ಗದ ಜಿಂಕ್ ಸಲ್ಫೇಟ್ ಒಂದರಲ್ಲೇ ಮುಂದುವರಿಸಬಹುದು ಎಂಬುದನ್ನು ನಿಮ್ಹಾನ್ಸ್ ವೈದ್ಯರು 2008ರಲ್ಲಿ ವರದಿ ಮಾಡಿದರು. ಬಡವರ ಪಾಲಿಗೆ ಇದು ಸಣ್ಣ ಮಾತಲ್ಲ.

ಊಟದಲ್ಲಿ ಪಥ್ಯವಿದೆ. ಕರಾವಳಿಯವರಿಗೆ ಪ್ರಿಯವಾದ ಮರುವಾಯಿ, ಏಡಿ, ಗೇರುಬೀಜ, ಮಳೆಗಾಲದ ಅಣಬೆ ಇವೆಲ್ಲ ತಾಮ್ರ ಹೆಚ್ಚಿರುವ ಪದಾರ್ಥಗಳು. ಪ್ರಾಣಿಗಳ ಪಿತ್ತಜನಕಾಂಗವೂ ಅಷ್ಟೇ. ಚಿಕಿತ್ಸೆಯ ಆರಂಭದಲ್ಲಂತೂ ಇವು ವರ್ಜ್ಯ. ತಾಮ್ರದ ಪಾತ್ರೆಯಲ್ಲಿಟ್ಟ ನೀರು, ತಾಮ್ರ ಭಸ್ಮವಿರುವ ಔಷಧ ಈ ರೋಗಿಗಳಿಗೆ ಸಲ್ಲದು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬಾರದೆಂಬ ಅಜ್ಜಿಯ ಮಾತನ್ನು ಪಾಲಿಸುವುದೂ ಒಳ್ಳೆಯದು. ಆದರೆ ತಾಮ್ರದ ತಂಬಿಗೆಯಿಂದ ಈ ಕಾಯಿಲೆ ಬರುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಕಾರಣ ವಂಶವಾಹಿಯಲ್ಲಿದೆ, ತಂಬಿಗೆಯಲ್ಲಿಲ್ಲ. ಪಥ್ಯವೊಂದರಿಂದಲೇ ಕಾಯಿಲೆ ಹತೋಟಿಗೆ ಬರುವುದೂ ಇಲ್ಲ.

ಚಿಕಿತ್ಸೆ ಆರಂಭಿಸಿದೊಡನೆ ಎಲ್ಲ ಸರಿಹೋಗುವುದಿಲ್ಲ. ಪೆನಿಸಿಲಮೈನ್ ಶುರುವಾದ ಮೊದಲ ವಾರಗಳಲ್ಲಿ ಕೆಲವರಿಗೆ ನಡುಕ, ಬಿಗಿತ ಹೆಚ್ಚಾಗುತ್ತದೆ. ಸುಧಾರಣೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಮಾತು. ತಾಮ್ರ ಇಳಿದಂತೆ ಕೆಲವರ ಮನಸ್ಸು ತಾನೇ ತಿಳಿಯಾಗುತ್ತದೆ. ಇನ್ನು ಕೆಲವರಿಗೆ ಮನೋವೈದ್ಯರ ಔಷಧವೂ ಜೊತೆಗೆ ಬೇಕು. ಗುಳಿಗೆ ಬದುಕಿರುವವರೆಗೂ ನುಂಗಬೇಕಾದದ್ದು. ಗುಣವಾಯಿತೆಂದು ನಿಲ್ಲಿಸಿದವರಲ್ಲಿ ಪಿತ್ತಜನಕಾಂಗ ಹಠಾತ್ತಾಗಿ ಸೋತು ಸಾವು ಸಂಭವಿಸಿದ್ದಿದೆ. ಖಿನ್ನತೆಯಲ್ಲಿರುವವನು, ಸಿಟ್ಟಿನ ಭರದಲ್ಲಿರುವವನು ತಾನಾಗಿ ಗುಳಿಗೆ ನೆನಪಿಟ್ಟುಕೊಳ್ಳಲಾರ. ಆ ಕಾವಲು ಮನೆಯವರದ್ದು.

ಸರಿಯಾಗಿ ಔಷಧ ಸೇವಿಸುವವರು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗಿ ಮಕ್ಕಳನ್ನು ಪಡೆಯುತ್ತಾರೆ. ಸಂಗಾತಿ ರಕ್ತಸಂಬಂಧಿಯಲ್ಲದಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಸುಮಾರು 200ರಲ್ಲಿ ಒಂದಷ್ಟೇ. ಅದಕ್ಕಿಂತ ಹೆಚ್ಚು ಚಿಂತಿಸಬೇಕಾದದ್ದು ಒಡಹುಟ್ಟಿದವರ ಬಗ್ಗೆ. ಮನೆಯಲ್ಲಿ ಒಬ್ಬರಿಗೆ ವಿಲ್ಸನ್ ಕಾಯಿಲೆ ಎಂದು ತಿಳಿದ ದಿನವೇ ಅಣ್ಣ ತಮ್ಮ, ಅಕ್ಕ ತಂಗಿಯರನ್ನೆಲ್ಲ, ಅವರು ಎಷ್ಟೇ ಆರೋಗ್ಯವಾಗಿ ಕಾಣಲಿ, ಪರೀಕ್ಷೆಗೆ ಕರೆದೊಯ್ಯಬೇಕು. ಅವರಲ್ಲಿ ಪ್ರತಿಯೊಬ್ಬರಿಗೂ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಲಕ್ಷಣ ಕಾಣುವ ಮೊದಲೇ ಗುಳಿಗೆ ಆರಂಭಿಸಿದರೆ ಅವರ ಅಕ್ಷರವೂ ಕೆಡುವುದಿಲ್ಲ, ಸ್ವಭಾವವೂ ಕೆಡುವುದಿಲ್ಲ.